ಸೊಸೈಟಿ ಸಾಫ್ಟ್‌ವೇರ್ ವ್ಯವಹಾರವನ್ನು ಕೊಳ್ಳುವ ಮುನ್ನ: ಮಾಲೀಕರು ಎದ್ದುಹೋದ ಮೇಲೆ ಉಳಿಯುವುದೆಷ್ಟು?

ಪ್ರಶ್ನೆ: ಹದಿನಾಲ್ಕು ವರ್ಷಗಳಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ನನ್ನ ಊರು ಶಿವಮೊಗ್ಗ. ಅಲ್ಲಿ ಹದಿನೇಳು ವರ್ಷಗಳಿಂದ ಸಹಕಾರ ಸಂಘಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಒದಗಿಸುತ್ತಿರುವ ಹಿರಿಯರೊಬ್ಬರು ತಮ್ಮ ವ್ಯವಹಾರವನ್ನು 45 ಲಕ್ಷ ರೂಪಾಯಿಗೆ ಬಿಟ್ಟುಕೊಡಲು ಸಿದ್ಧರಿದ್ದಾರೆ. ಒಟ್ಟು 86 ಸಂಘಗಳಿವೆ. ಅವುಗಳಲ್ಲಿ 22 ವಿಎಸ್‌ಎಸ್‌ಎನ್ (ವ್ಯವಸಾಯ ಸೇವಾ ಸಹಕಾರ ಸಂಘ, ಅಂದರೆ ಪ್ರಾಥಮಿಕ ಕೃಷಿ ಪತ್ತಿನ ಸಂಘ), ಉಳಿದವು ಪತ್ತಿನ ಸಂಘಗಳು ಮತ್ತು ಸೌಹಾರ್ದ ಸಹಕಾರಿಗಳು. ಪ್ರತಿ ಸಂಘದಿಂದ ವರ್ಷಕ್ಕೆ 18,000 ರೂ. ಎಎಂಸಿ (ವಾರ್ಷಿಕ ನಿರ್ವಹಣಾ ಶುಲ್ಕ) ಬರುತ್ತದೆ. ಹೊಸ ಅಳವಡಿಕೆ, ಪಿಗ್ಮಿ ಆ್ಯಪ್, ಎಸ್‌ಎಂಎಸ್ ಎಲ್ಲ ಸೇರಿ ವರ್ಷದ ವಹಿವಾಟು 21.5 ಲಕ್ಷ ರೂ., ಖರ್ಚು ಕಳೆದು ಉಳಿಯುವುದು 10.5 ಲಕ್ಷ ರೂ. ಎನ್ನುತ್ತಾರೆ. ಜಿಎಸ್‌ಟಿ ನೋಂದಣಿ ಇಲ್ಲ. ಮೂಲ ಸಾಫ್ಟ್‌ವೇರ್ ವಿಷುಯಲ್ ಬೇಸಿಕ್ 6ರಲ್ಲಿದೆ. ಪಿಗ್ಮಿ ಆ್ಯಪನ್ನು ಹೊರಗಿನ ಯುವಕನೊಬ್ಬನಿಂದ ಮಾಡಿಸಿದ್ದಾರೆ. ಕಚೇರಿಯಲ್ಲಿ ಇಬ್ಬರು ಹುಡುಗರಿದ್ದಾರೆ. ಆಗಸ್ಟ್ 1ಕ್ಕೆ ಹಸ್ತಾಂತರ ಮಾಡುತ್ತೇನೆ, ಈಗ ಮುಂಗಡ ಕೊಡಿ ಎಂದು ಕೇಳುತ್ತಿದ್ದಾರೆ. ನಾನು ಏನೇನು ನೋಡಬೇಕು?

ಉತ್ತರ: ಸಾಫ್ಟ್‌ವೇರ್ ಯಾವ ಭಾಷೆಯಲ್ಲಿದೆ ಎಂಬುದನ್ನು ನೀವು ತಿಳಿಸಿದ್ದೀರಿ, ಸಂಜೆ ರೊಕ್ಕಡ (ದಿನದ ನಗದು ಲೆಕ್ಕದ ಪುಸ್ತಕ) ತಾಳೆಯಾಗದಿದ್ದಾಗ ಸಂಘದ ಕಾರ್ಯದರ್ಶಿ ಯಾರಿಗೆ ಫೋನ್ ಮಾಡುತ್ತಾರೆ ಎಂಬುದನ್ನು ತಿಳಿಸಿಲ್ಲ. ಬೆಲೆ ನಿಂತಿರುವುದು ಈ ಎರಡನೆಯದರ ಮೇಲೆ. ಇಂತಹ ಸಣ್ಣ ವ್ಯವಹಾರಗಳಲ್ಲಿ ಕೋಡ್, ಗ್ರಾಹಕರ ಪಟ್ಟಿ, ಹೆಸರು ಎಲ್ಲವೂ ಒಬ್ಬ ಮನುಷ್ಯನ ಸುತ್ತ ಹಬ್ಬಿದ ಬಳ್ಳಿಯಂತಿರುತ್ತವೆ. ಮಾಲೀಕರು ಎದ್ದುಹೋದ ಮೇಲೆ ಅವುಗಳಲ್ಲಿ ಎಷ್ಟು ನಿಲ್ಲುತ್ತದೆಯೋ ಅಷ್ಟಕ್ಕೆ ಮಾತ್ರ ನೀವು ಹಣ ಕೊಡಬೇಕು. ಮುಂದೆ ನಾನು ಬರೆಯುವುದೆಲ್ಲ ಅದನ್ನು ಅಳೆಯುವ ಬಗೆ.

ಮೊದಲು ಆದಾಯದ ಲೆಕ್ಕ. ಮಾರುವವರು ತೋರಿಸುವ ಎಕ್ಸೆಲ್ ಹಾಳೆಯನ್ನು ನೋಡಿ ಬದಿಗಿಡಿ, ಮೂರು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಆದಾಯ ತೆರಿಗೆ ರಿಟರ್ನ್‌ಗಳನ್ನು ಕೇಳಿ ಪಡೆಯಿರಿ. ಸಹಕಾರ ಕ್ಷೇತ್ರದಲ್ಲಿ ನಿಮಗೆ ಇನ್ನೊಂದು ಅನುಕೂಲವಿದೆ, ಇದು ಬೇರೆ ಸಾಫ್ಟ್‌ವೇರ್ ವ್ಯವಹಾರಗಳಲ್ಲಿ ಸಿಗುವುದಿಲ್ಲ. ಪ್ರತಿ ಸಂಘವೂ ವಾರ್ಷಿಕ ಮಹಾಸಭೆಗೆ ಮುಂಚೆ ತನ್ನ ಜಮಾ-ಖರ್ಚು, ಲಾಭ-ನಷ್ಟ, ಅಢಾವೆ (ಆಸ್ತಿ-ಜವಾಬ್ದಾರಿ) ಪತ್ರಿಕೆಗಳನ್ನು ಪುಸ್ತಿಕೆಯಾಗಿ ಅಚ್ಚು ಹಾಕಿಸಿ ಸದಸ್ಯರಿಗೆ ಹಂಚುತ್ತದೆ, ಮತ್ತು ಅದರ ಖರ್ಚಿನ ಬದಿಯಲ್ಲಿ ‘ಗಣಕಯಂತ್ರ ನಿರ್ವಹಣೆ’ ಅಥವಾ ‘ಸಾಫ್ಟ್‌ವೇರ್ ವೆಚ್ಚ’ ಎಂಬ ಸಾಲೊಂದು ಸಾಮಾನ್ಯವಾಗಿ ಇರುತ್ತದೆ. ನಿಮ್ಮ ಬಂಧುಬಳಗದಲ್ಲಿ ಹತ್ತಾರು ಸಂಘಗಳ ಸದಸ್ಯರು ಇರುವುದು ಕಷ್ಟವೇನಲ್ಲ. ಹದಿನೈದು ಸಂಘಗಳ ಪುಸ್ತಿಕೆಗಳನ್ನು ತರಿಸಿ ಆ ಸಾಲನ್ನು ಮಾತ್ರ ಓದಿ. ಹದಿನೆಂಟು ಸಾವಿರ ಎಂದು ಹೇಳಿದ ಕಡೆ ಹನ್ನೆರಡು ಸಾವಿರ ಕಂಡರೆ, ಅಥವಾ ಎರಡು ವರ್ಷಕ್ಕೊಮ್ಮೆ ಮಾತ್ರ ಆ ಸಾಲು ಕಾಣಿಸಿಕೊಂಡರೆ, 86 ಎಂಬ ಸಂಖ್ಯೆಯಲ್ಲಿ ಎಷ್ಟು ಜೀವವಿದೆ ಎಂಬುದು ಯಾರನ್ನೂ ಕೇಳದೆ ತಿಳಿಯುತ್ತದೆ. ‘ಗ್ರಾಹಕ’ ಎನಿಸಿಕೊಂಡು ನಾಲ್ಕು ವರ್ಷದಿಂದ ಎಎಂಸಿ ಕಟ್ಟದೆ ಹಳೆಯ ಆವೃತ್ತಿಯಲ್ಲೇ ದಿನ ದೂಡುವ ಸಂಘಗಳನ್ನು ನಾನು ಎಲ್ಲ ಇಂತಹ ಪಟ್ಟಿಗಳಲ್ಲೂ ಕಂಡಿದ್ದೇನೆ.

ಜಿಎಸ್‌ಟಿ ನೋಂದಣಿ ಇಲ್ಲ ಎಂಬ ಮಾತು ನನಗೆ ಹಿಡಿಸಲಿಲ್ಲ. ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ರೂ. ದಾಟಿದರೆ ನಮ್ಮ ರಾಜ್ಯದಲ್ಲಿ ನೋಂದಣಿ ಕಡ್ಡಾಯ. ಹಾಗಾಗಿ 21.5 ಲಕ್ಷ ಎಂಬ ಮಾತು ನಿಜವಲ್ಲ, ಇಲ್ಲವೇ ಅವರು ತೆರಿಗೆ ಕಟ್ಟಬೇಕಾಗಿದ್ದು ಕಟ್ಟಿಲ್ಲ. ಎರಡರಲ್ಲಿ ಒಂದು ಆಗಿರಲೇಬೇಕು. ಎರಡನೆಯದಾದರೆ ಅದು ಅವರೊಬ್ಬರ ತಲೆನೋವಾಗಿ ಉಳಿಯುವುದಿಲ್ಲ. ಕೇಂದ್ರ ಜಿಎಸ್‌ಟಿ ಕಾಯ್ದೆಯ 85ನೇ ಕಲಮಿನ ಪ್ರಕಾರ, ವ್ಯವಹಾರವನ್ನು ವರ್ಗಾಯಿಸಿಕೊಂಡವರು ವರ್ಗಾವಣೆಯ ದಿನದವರೆಗಿನ ಬಾಕಿ ತೆರಿಗೆ, ಬಡ್ಡಿ, ದಂಡಗಳಿಗೆ ಮಾರಿದವರೊಂದಿಗೆ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆಯಾಗುತ್ತಾರೆ. ಇನ್ನೊಂದು ಪರಿಣಾಮವನ್ನು ಮಾರುವವರು ನಿಮಗೆ ಹೇಳಿರಲಾರರು. ನಾಳೆ ನೀವು ನೋಂದಣಿ ಮಾಡಿಸಿ ಶೇ 18ರಷ್ಟು ತೆರಿಗೆ ಸೇರಿಸಿದರೆ 18,000 ರೂ. ಬಿಲ್ 21,240 ರೂ. ಆಗುತ್ತದೆ. ಪತ್ತಿನ ಸಂಘಗಳ ಮುಖ್ಯ ಆದಾಯವಾದ ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲದಿರುವುದರಿಂದ, ಅವು ನಿಮಗೆ ಕಟ್ಟಿದ ತೆರಿಗೆಯನ್ನು ಬಹುಮಟ್ಟಿಗೆ ಹಿಂಪಡೆಯಲಾರವು. ಅವುಗಳ ಪಾಲಿಗೆ ಅದು ಬರೀ ಬೆಲೆ ಏರಿಕೆ. ‘ಹೊಸಬರು ಬಂದರು, ರೇಟ್ ಏರಿಸಿದರು’ ಎಂಬ ಮಾತು ತಾಲ್ಲೂಕಿನಿಂದ ತಾಲ್ಲೂಕಿಗೆ ಹರಡಲು ಒಂದು ಕಾರ್ಯದರ್ಶಿಗಳ ಸಭೆ ಸಾಕು. ಮಾರುವವರು ‘ಸ್ವಲ್ಪ ನಗದಿನಲ್ಲಿ ಬರುತ್ತದೆ, ಲೆಕ್ಕದಲ್ಲಿ ಇಲ್ಲ’ ಎಂದರೆ, ಲೆಕ್ಕದಲ್ಲಿ ಇಲ್ಲದ ಆದಾಯಕ್ಕೆ ಬೆಲೆಯಲ್ಲೂ ಜಾಗವಿಲ್ಲ ಎಂದು ನಯವಾಗಿ ಹೇಳಿಬಿಡಿ.

ಈಗ 10.5 ಲಕ್ಷದ ಲಾಭಕ್ಕೆ ಬರೋಣ. 45 ಲಕ್ಷ ಎಂದರೆ ನಾಲ್ಕು ವರ್ಷದ ಲಾಭಕ್ಕಿಂತ ತುಸು ಹೆಚ್ಚು, ಮೇಲ್ನೋಟಕ್ಕೆ ದುಬಾರಿ ಅನ್ನಿಸುವುದಿಲ್ಲ. ಆದರೆ ಈ ಲಾಭದಲ್ಲಿ ಮಾಲೀಕರ ದುಡಿಮೆಗೆ ಸಂಬಳವೇ ಹಿಡಿದಿಲ್ಲ. ಅವರು ಬೆಳಿಗ್ಗೆ ಕೋಡ್ ತಿದ್ದುತ್ತಾರೆ, ಮಧ್ಯಾಹ್ನ ಫೋನ್ ಎತ್ತುತ್ತಾರೆ, ಸಂಜೆ ಬಾಕಿ ವಸೂಲಿಗೆ ಹೋಗುತ್ತಾರೆ. ಅದೇ ಕೆಲಸಕ್ಕೆ ತಿಂಗಳಿಗೆ 50,000 ರೂ. ಕೊಟ್ಟು ಒಬ್ಬರನ್ನು ನೇಮಿಸಿದಿರಿ ಎಂದುಕೊಳ್ಳಿ. ವರ್ಷಕ್ಕೆ 6 ಲಕ್ಷ ಹೋಗಿ ಉಳಿಯುವುದು 4.5 ಲಕ್ಷ. ಆ ಲೆಕ್ಕದಲ್ಲಿ ನೀವು ಹತ್ತು ವರ್ಷದ ಲಾಭವನ್ನು ಮುಂಗಡವಾಗಿ ಕೊಡುತ್ತಿದ್ದೀರಿ. ಆ ಕೆಲಸವನ್ನು ನಾನೇ ಮಾಡುತ್ತೇನೆ ಎನ್ನಬಹುದು, ಮಾಡಿ. ಆಗ ನೀವು ಕೊಂಡದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ವ್ಯವಹಾರವಲ್ಲ, ನಿಮಗೆ ನೀವೇ ಕೊಂಡುಕೊಟ್ಟ ನೌಕರಿ ಎಂಬುದು ತಿಳಿದಿರಲಿ.

ಅದರ ಮೇಲೆ ಆ 22 ವಿಎಸ್‌ಎಸ್‌ಎನ್‌ಗಳ ಪ್ರಶ್ನೆಯಿದೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಒಂದೇ ಸಾಮಾನ್ಯ ತಂತ್ರಾಂಶಕ್ಕೆ ತರುವ 2,516 ಕೋಟಿ ರೂ. ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದರ ಜಾರಿಯ ಹೊಣೆ ನಬಾರ್ಡ್‌ನದು. ಸರ್ಕಾರದ ಖರ್ಚಿನಲ್ಲಿ ತಂತ್ರಾಂಶ ಬಂದು ಕೂತ ಮೇಲೆ ಖಾಸಗಿ ತಂತ್ರಾಂಶಕ್ಕೆ ವರ್ಷವರ್ಷ ಹಣ ಕೊಡಲು ಲೆಕ್ಕ ಪರಿಶೋಧಕರು ಬಿಡುವುದಿಲ್ಲ. ಸದ್ಯಕ್ಕೆ ಎರಡೂ ಕಡೆ ಎಂಟ್ರಿ ಮಾಡುತ್ತಿರುವ ಸಂಘಗಳಿವೆ, ಅದನ್ನು ತೋರಿಸಿ ‘ನೋಡಿ, ನಮ್ಮದನ್ನು ಬಿಟ್ಟಿಲ್ಲ’ ಎಂದು ಮಾರುವವರು ಹೇಳಬಹುದು. ಎರಡು ಕಡೆ ಬರೆಯುವ ಕಷ್ಟವನ್ನು ಯಾವ ಗುಮಾಸ್ತರೂ ಬಹುಕಾಲ ಸಹಿಸುವುದಿಲ್ಲ. ಬೆಲೆ ಕಟ್ಟುವಾಗ ಈ 22ನ್ನು ಸೊನ್ನೆ ಎಂದೇ ಹಿಡಿಯಿರಿ. ಅಂದರೆ ವರ್ಷಕ್ಕೆ 3.96 ಲಕ್ಷ ಕಡಿಮೆ. ಈಗಷ್ಟೇ 4.5 ಲಕ್ಷಕ್ಕೆ ಇಳಿದಿದ್ದ ಲಾಭ ಐವತ್ತು ಸಾವಿರ ಚಿಲ್ಲರೆಗೆ ಬಂದು ನಿಂತಿತು. ಪತ್ತಿನ ಸಂಘಗಳು ಮತ್ತು ಸೌಹಾರ್ದಗಳು ಈ ಯೋಜನೆಯ ವ್ಯಾಪ್ತಿಯಲ್ಲಿಲ್ಲ. ನೀವು ನಿಜವಾಗಿ ಕೊಳ್ಳುತ್ತಿರುವುದು ಆ 64ನ್ನು.

ಆಗಸ್ಟ್ 1ರ ದಿನಾಂಕವೂ ಮುಗ್ಧವಾದುದಲ್ಲ. ಎಎಂಸಿ ಬರುವುದು ಸಾಮಾನ್ಯವಾಗಿ ಏಪ್ರಿಲ್-ಮೇ ತಿಂಗಳಲ್ಲಿ, ಇಡೀ ವರ್ಷಕ್ಕೆ. ಅವರು 15.48 ಲಕ್ಷವನ್ನು ಜೇಬಿಗಿಳಿಸಿಕೊಂಡು ನಾಲ್ಕು ತಿಂಗಳ ಸೇವೆ ಕೊಟ್ಟು ಹೊರಡುತ್ತಾರೆ. ಉಳಿದ ಎಂಟು ತಿಂಗಳು ಫೋನ್ ಎತ್ತುವ, ಸಂಬಳ ಕೊಡುವ, ವರ್ಷಾಂತ್ಯದ ಲೆಕ್ಕ ಮುಗಿಸಿಕೊಡುವ ಕೆಲಸ ನಿಮ್ಮದು, ಬಿಡಿಗಾಸು ಇಲ್ಲದೆ. ಆ ಎಂಟು ತಿಂಗಳ ಪಾಲು 10.32 ಲಕ್ಷ ರೂ. ಆಗುತ್ತದೆ. ಅಷ್ಟನ್ನು ಬೆಲೆಯಲ್ಲಿ ಮುರಿದುಕೊಳ್ಳಬೇಕು. ಇದು ಚೌಕಾಸಿಯಲ್ಲ, ಅವರು ಪಡೆದ ಹಣದ ಕೆಲಸ ಇನ್ನೂ ಆಗಿಲ್ಲ, ಅಷ್ಟೆ.

ಇನ್ನು ಕೋಡ್. ವಿಷುಯಲ್ ಬೇಸಿಕ್ 6ಕ್ಕೆ ಮೈಕ್ರೋಸಾಫ್ಟ್ 2008ರಲ್ಲೇ ಬೆಂಬಲ ನಿಲ್ಲಿಸಿದೆ, ಆದರೂ ಅದರಲ್ಲಿ ಬರೆದ ಪ್ರೋಗ್ರಾಮುಗಳು ಇಂದಿನ ವಿಂಡೋಸ್‌ನಲ್ಲೂ ಓಡುತ್ತವೆ. ಹಳೆಯದೆಂಬ ಕಾರಣಕ್ಕೆ ಮೂಗು ಮುರಿಯಬೇಡಿ. ಹದಿನೇಳು ವರ್ಷ ನೂರಾರು ಆಡಿಟ್‌ಗಳಲ್ಲಿ ಪಾಸಾಗಿ ಬಂದ ಬಡ್ಡಿ ಲೆಕ್ಕದ ತರ್ಕ ಆ ಹಳೆಯ ಕೋಡಿನಲ್ಲಿದೆ. ನೀವು ಹೊಸದಾಗಿ ಬರೆದರೆ ಮುರಿದ ತಿಂಗಳ (ತಿಂಗಳು ಪೂರ್ತಿಯಾಗದ ದಿನಗಳ) ಠೇವಣಿ ಬಡ್ಡಿಯನ್ನು ಸರಿಪಡಿಸಲು ಒಂದು ವರ್ಷ ಹಿಡಿಯುತ್ತದೆ. ನೋಡಬೇಕಾದ್ದು ಬೇರೆ. ಅವರ ಕಂಪ್ಯೂಟರಿನಲ್ಲಿ ಮೂಲ ಕೋಡ್ ಇರುವ ಫೋಲ್ಡರನ್ನು ತೆರೆಯಿಸಿ. ಒಂದೇ ಫೋಲ್ಡರ್ ಇದ್ದು, ಸಂಘ ಸಂಘಕ್ಕೆ ಬೇರೆಯಾಗುವ ಬೈಲಾ ನಿಯಮಗಳನ್ನು ಸೆಟ್ಟಿಂಗ್‌ಗಳಲ್ಲಿ ಇಟ್ಟಿದ್ದರೆ ಒಳ್ಳೆಯದು. ಬದಲಿಗೆ ಊರಿನ ಹೆಸರಿನ ಎಂಬತ್ತಾರು ಫೋಲ್ಡರುಗಳು, ಅವುಗಳೊಳಗೆ ‘ಹೊಸದು’, ‘ಹೊಸದು 2’, ‘ಫೈನಲ್’, ‘ಫೈನಲ್ ಸರಿ’ ಎಂಬ ಉಪಫೋಲ್ಡರುಗಳು ಕಂಡರೆ, ನೀವು ಕೊಳ್ಳುತ್ತಿರುವುದು ಒಂದು ಸಾಫ್ಟ್‌ವೇರ್ ಅಲ್ಲ, ಎಂಬತ್ತಾರು. ಅವುಗಳ ನಕ್ಷೆ ಇರುವುದು ಒಬ್ಬ ಹಿರಿಯರ ನೆನಪಿನಲ್ಲಿ. ಆಮೇಲೆ ಒಂದು ಖಾಲಿ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ, ನಿಮ್ಮೆದುರಿಗೇ ಮೂಲ ಕೋಡಿನಿಂದ ಸಾಫ್ಟ್‌ವೇರನ್ನು ಕಟ್ಟಿಸಿ, ಒಂದು ಸಂಘದ ನಿನ್ನೆಯ ಬ್ಯಾಕಪ್ಪನ್ನು ಅದರ ಒಪ್ಪಿಗೆ ಪಡೆದು ಅದರಲ್ಲಿ ತೆರೆಸಿ, ಆ ದಿನದ ರೊಕ್ಕಡವನ್ನು ಸಂಘದ ಮುದ್ರಿತ ಪ್ರತಿಯೊಂದಿಗೆ ತಾಳೆ ನೋಡಿ. ಎಲ್ಲೋ ಒಂದು ಕಳೆದುಹೋದ ಘಟಕ, ಲೈಸೆನ್ಸ್ ಇಲ್ಲದ ರಿಪೋರ್ಟ್ ಉಪಕರಣ ಹೊರಬೀಳುವುದು ಈ ಹಂತದಲ್ಲೇ. ನಮ್ಮ ಕಡೆಯ ಹಳೆಯ ತಂತ್ರಾಂಶಗಳಲ್ಲಿ ಮತ್ತೊಂದು ಗಂಟಿದೆ: ಸದಸ್ಯರ ಹೆಸರುಗಳು ಯುನಿಕೋಡಿನಲ್ಲಿ ಇರದೆ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಸಂಕೇತದಲ್ಲಿ ಕೂತಿರುತ್ತವೆ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಚೆಂದದ ಕನ್ನಡ; ಮೊಬೈಲ್ ಆ್ಯಪಿಗೆ ಹೋದೊಡನೆ ಅರ್ಥವಿಲ್ಲದ ಅಕ್ಷರಗಳ ರಾಶಿ. ಪರಿವರ್ತನೆ ಸಾಧ್ಯ, ಆದರೆ ಒತ್ತಕ್ಷರ ಕೆಟ್ಟ ಹೆಸರುಗಳನ್ನು ಕಣ್ಣಿಂದ ನೋಡಿಯೇ ತಿದ್ದಬೇಕು. ಆ ತಿಂಗಳುಗಳನ್ನೂ ಖರ್ಚಿಗೆ ಸೇರಿಸಿ.

ಪಿಗ್ಮಿ ಆ್ಯಪಿನ ವಿಷಯದಲ್ಲಿ ಮೊದಲ ಪ್ರಶ್ನೆ ಅದು ಯಾರದು ಎಂಬುದು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮು ಸಾಹಿತ್ಯ ಕೃತಿಯ ಸಾಲಿಗೆ ಸೇರುತ್ತದೆ. ನೌಕರ ಕೆಲಸದ ಭಾಗವಾಗಿ ಬರೆದದ್ದು ಸಾಮಾನ್ಯವಾಗಿ ಮಾಲೀಕರದು. ಹೊರಗಿನವರಿಂದ ದುಡ್ಡು ಕೊಟ್ಟು ಬರೆಸಿದ್ದು, ಬರಹದ ಮೂಲಕ ವರ್ಗಾವಣೆ ಆಗದ ಹೊರತು, ಬರೆದವನದೇ. ದುಡ್ಡು ಕೊಟ್ಟ ರಸೀತಿ ವರ್ಗಾವಣೆ ಪತ್ರವಲ್ಲ. ಆ ಯುವಕನಿಂದ ಸಹಿಯಾದ ಪತ್ರ ಬೇಕು, ಅದರಲ್ಲಿ ಅವಧಿಯನ್ನೂ ಸ್ಪಷ್ಟವಾಗಿ ಬರೆಸಬೇಕು. ಬರೆಯದಿದ್ದರೆ 19ನೇ ಕಲಮು ಅದನ್ನು ಐದು ವರ್ಷ ಎಂದು ಭಾವಿಸುತ್ತದೆ. ಪ್ಲೇ ಸ್ಟೋರಿನ ಖಾತೆ ಯಾರ ಜಿಮೇಲ್‌ನಲ್ಲಿದೆ, ಆ್ಯಪಿಗೆ ಸಹಿ ಮಾಡುವ ಕೀಲಿ ಎಲ್ಲಿದೆ ಎಂದೂ ಕೇಳಿ. ಖಾತೆ ಅವನ ಹೆಸರಿನಲ್ಲಿದ್ದರೆ, ಅವನು ಈಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದರೆ, ಒಂದು ದಿನ ಪಿಗ್ಮಿ ಏಜೆಂಟರ ಕೈಯಲ್ಲಿನ ಬ್ಲೂಟೂತ್ ಪ್ರಿಂಟರ್ ಹೊಸ ಫೋನಿಗೆ ಹೊಂದಿಕೊಳ್ಳದೆ ರಸೀದಿ ನಿಂತಾಗ ನೀವು ಅವನ ಕರುಣೆಗೆ ಕಾಯಬೇಕಾಗುತ್ತದೆ. ವೆಬ್‌ಸೈಟಿನ ಡೊಮೇನ್, ಎಸ್‌ಎಂಎಸ್ ಕಳಿಸುವ ಹೆಡರ್‌ನ (ಕಳುಹಿಸಿದವರ ಗುರುತಿನ ಹೆಸರಿನ) ಡಿಎಲ್‌ಟಿ ನೋಂದಣಿಗಳಿಗೂ, ಅಂದರೆ ದೂರಸಂಪರ್ಕ ಕಂಪನಿಗಳಲ್ಲಿ ಮಾಡಿಸುವ ನೋಂದಣಿಗಳಿಗೂ, ಇದೇ ಪ್ರಶ್ನೆ.

ಮುಂದಿನ ಮಾತನ್ನು ಮಾರುವವರ ಬಳಿ ಏಕಾಂತದಲ್ಲಿ ಕೇಳಬೇಕು. ದಿನ ಮುಗಿಸಿದ ಲೆಕ್ಕವನ್ನು ಹಿಂದಿನ ತಾರೀಖಿಗೆ ಹೋಗಿ ತಿದ್ದುವ ಪಾಸ್‌ವರ್ಡ್ ಇದೆಯೇ? ಇದ್ದರೆ ಅದು ಯಾರಿಗೆ ಗೊತ್ತು? ತಿದ್ದಿದ ಗುರುತು ಎಲ್ಲಾದರೂ ಉಳಿಯುತ್ತದೆಯೇ? ಕೆಲವು ವರ್ಷಗಳ ಹಿಂದೆ ನಾನೇ ಸಲಹೆ ಕೊಟ್ಟಿದ್ದ ಒಂದು ಖರೀದಿಯಲ್ಲಿ ಕೋಡ್, ತೆರಿಗೆ, ಕರಾರು ಎಲ್ಲ ನೋಡಿದ್ದೆ, ಇದನ್ನು ಮಾತ್ರ ಕೇಳಿರಲಿಲ್ಲ. ಕೊಂಡವರಿಗೆ ಎರಡನೇ ವಾರದಲ್ಲಿ ಕಾರ್ಯದರ್ಶಿಯೊಬ್ಬರ ಫೋನ್ ಬಂತು: ‘ಹಳೇ ಸಾಹೇಬರು ಮಾಡಿಕೊಡ್ತಿದ್ದರು, ಹೋದ ತಿಂಗಳಿನ ಎರಡು ವೋಚರ್ ತೆಗೆದುಬಿಡಿ.’ ಅವರು ಒಪ್ಪಲಿಲ್ಲ. ಆ ಸಂಘ ಹೋಯಿತು, ಹಿಂದೆಯೇ ಇನ್ನು ಮೂರು ಹೋದವು. ಹೋದದ್ದೇ ಒಳ್ಳೆಯದಾಯಿತು. ಸಂಘದಲ್ಲಿ ದುರುಪಯೋಗದ ದೂರು ಬಂದು, ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 64ನೇ ಕಲಮಿನಡಿ ವಿಚಾರಣೆ ಶುರುವಾದರೆ, ಕಂಪ್ಯೂಟರಿನಲ್ಲಿ ಎಂಟ್ರಿ ತೆಗೆದವರು ಯಾರು ಎಂಬ ಪ್ರಶ್ನೆ ಸಾಫ್ಟ್‌ವೇರಿನವರ ಬಾಗಿಲಿಗೇ ಬರುತ್ತದೆ. ಉತ್ತರ ಸರಿಯಿಲ್ಲದಿದ್ದರೆ ನೀವು ಹಿಂದೆ ಸರಿಯುವುದೇ ಸೂಕ್ತ. ಬೆಲೆ ಇಳಿಸಿ ಸರಿದೂಗಿಸುವ ದೋಷ ಇದಲ್ಲ. ಸಂಘಗಳ ಬ್ಯಾಕಪ್ಪುಗಳು, ಅವುಗಳೊಳಗಿನ ಆಧಾರ್, ಪ್ಯಾನ್ ವಿವರಗಳು ಅವರ ಕಚೇರಿಯ ಹಾರ್ಡ್ ಡಿಸ್ಕಿನಲ್ಲಿ ಬಿದ್ದಿದ್ದರೆ, ಹಸ್ತಾಂತರಕ್ಕೆ ಮುಂಚೆ ಸಂಘಗಳ ಲಿಖಿತ ಒಪ್ಪಿಗೆಯಿಂದ ಅವನ್ನು ಅಳಿಸಲು ಹೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಗರಿಷ್ಠ ದಂಡ 250 ಕೋಟಿ ರೂಪಾಯಿಯವರೆಗಿದೆ. ನಿಮ್ಮ ಮಟ್ಟಕ್ಕೆ ಅಷ್ಟು ಬಾರದು, ಆದರೆ ಬೇಡದ ದತ್ತಾಂಶವನ್ನು ಇಟ್ಟುಕೊಂಡು ಕಾಯುವ ಕೆಲಸವಾದರೂ ಯಾಕೆ?

ಕರಾರಿನ ವಿಚಾರ. ಇದು ಒಬ್ಬರ ಸ್ವಂತ ವ್ಯವಹಾರವಾದ್ದರಿಂದ ಷೇರು ಕೊಳ್ಳುವ ಪ್ರಶ್ನೆಯಿಲ್ಲ. ಆಸ್ತಿ, ಗ್ರಾಹಕ ಒಪ್ಪಂದಗಳು, ಕೃತಿಸ್ವಾಮ್ಯ, ಗುಡ್‌ವಿಲ್ (ವ್ಯವಹಾರ ಗಳಿಸಿದ ಹೆಸರು-ನಂಬಿಕೆ) ಇವುಗಳ ವರ್ಗಾವಣೆ ಆಗಬೇಕು. ಇನ್ನು ಮುಂದೆ ಇದೇ ವ್ಯಾಪಾರ ಮಾಡಬಾರದು ಎಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿನಡಿ ಸಾಮಾನ್ಯವಾಗಿ ಅಸಿಂಧು, ಆದರೆ ಗುಡ್‌ವಿಲ್ ಮಾರಿದವರಿಗೆ ಸಮಂಜಸವಾದ ಸ್ಥಳಮಿತಿಯೊಳಗೆ ಅಂತಹ ನಿರ್ಬಂಧ ಹಾಕಲು ಅದೇ ಕಲಮು ಅವಕಾಶ ಕೊಡುತ್ತದೆ. ಹಾಗಾಗಿ ಗುಡ್‌ವಿಲ್ ಮಾರಾಟವಾಗಿದೆ ಎಂದು ಸ್ಪಷ್ಟವಾಗಿ ಬರೆಸಿ, ಜಿಲ್ಲೆಗಳ ಹೆಸರು ಹಾಕಿಸಿ. ಹಾಗೆಂದು ಇಡೀ ಮೊತ್ತವನ್ನು ಗುಡ್‌ವಿಲ್ ಎಂದೇ ತೋರಿಸಬೇಡಿ. 2021ರ ಹಣಕಾಸು ಕಾಯ್ದೆಯ ನಂತರ ಗುಡ್‌ವಿಲ್‌ಗೆ ಆದಾಯ ತೆರಿಗೆಯಲ್ಲಿ ಸವಕಳಿ ಸಿಗುವುದಿಲ್ಲ, ಸಾಫ್ಟ್‌ವೇರಿಗೆ ಸಿಗುತ್ತದೆ. ಯಾವುದಕ್ಕೆ ಎಷ್ಟು ಎಂಬುದನ್ನು, ವ್ಯವಹಾರವನ್ನು ಇಡಿಯಾಗಿ ವರ್ಗಾಯಿಸುವುದೋ ಬಿಡಿಬಿಡಿಯಾಗಿಯೋ ಎಂಬುದನ್ನು ನಿಮ್ಮ ಆಡಿಟರ್ ಜೊತೆ ಕುಳಿತು ತೀರ್ಮಾನಿಸಿ, ಏಕೆಂದರೆ ಜಿಎಸ್‌ಟಿ ಲೆಕ್ಕವೂ ಅದರಿಂದ ಬದಲಾಗುತ್ತದೆ. ಈ ನಿರ್ಬಂಧ ಕಟ್ಟುವುದು ಮಾರುವವರನ್ನು ಮಾತ್ರ, ಆ ಇಬ್ಬರು ಹುಡುಗರನ್ನಲ್ಲ. ಹಳ್ಳಿಹಳ್ಳಿಗೆ ಬೈಕಿನಲ್ಲಿ ಹೋಗಿ ಪ್ರಿಂಟರ್ ಸರಿಮಾಡಿ ಊಟ ಮಾಡಿ ಬರುವವರು ಅವರು. ಮಾತುಕತೆ ಮುಗಿಯುವ ಮೊದಲೇ, ಮಾಲೀಕರ ಒಪ್ಪಿಗೆಯಿಂದ, ಅವರಿಬ್ಬರ ಜೊತೆ ಮಾತಾಡಿ. ಸಂಬಳ ಏರಿಸಬೇಕಾದರೆ ಏರಿಸಿ.

ಹಾಗಾದರೆ ಬೆಲೆ? ಮೇಲಿನ ಪರೀಕ್ಷೆಗಳಲ್ಲಿ ದೊಡ್ಡ ದೋಷ ಸಿಗಲಿಲ್ಲ ಎಂದಿಟ್ಟುಕೊಂಡು ನನ್ನ ಅಂದಾಜು ಹೇಳುತ್ತೇನೆ: ಕೈಗೆ 15 ಲಕ್ಷ, ಮತ್ತು ಆ 64ರಲ್ಲಿ ಮುಂದಿನ ಎರಡು ಏಪ್ರಿಲ್‌ಗಳಲ್ಲಿ ಎಎಂಸಿ ಕಟ್ಟಿದ ಪ್ರತಿ ಸಂಘಕ್ಕೆ ಪ್ರತಿ ಸಲ 12,000 ರೂ. ಎಲ್ಲವೂ ಉಳಿದರೆ ಇದು 15.36 ಲಕ್ಷ ಆಗಿ, ಒಟ್ಟು 30 ಲಕ್ಷದ ಆಸುಪಾಸಿಗೆ ಬರುತ್ತದೆ. ಆಗಸ್ಟಿನಲ್ಲೇ ಹಸ್ತಾಂತರವಾದರೆ 10.32 ಲಕ್ಷದ ಮುರಿತ ಇದರಲ್ಲಿಯೇ ಆಗಬೇಕು. ಏಪ್ರಿಲ್‌ಗೆ ಮುಂದೂಡಿದರೆ ಆ ಜಗಳವೇ ಇಲ್ಲ, ನಾನು ಅದನ್ನೇ ಬಯಸುತ್ತೇನೆ. ಸಂಘಗಳು ಉಳಿದಷ್ಟೂ ತಮಗೆ ಹಣ ಎಂದಾದರೆ ಮಾರುವವರು ಪ್ರತಿ ಕಾರ್ಯದರ್ಶಿಯ ಬಳಿ ನಿಮ್ಮನ್ನು ಕರೆದೊಯ್ದು ಪರಿಚಯಿಸುತ್ತಾರೆ. ‘ನನ್ನ ಗ್ರಾಹಕರು ಎಲ್ಲೂ ಹೋಗುವುದಿಲ್ಲ’ ಎನ್ನುತ್ತಲೇ ಈ ಷರತ್ತನ್ನು ಒಪ್ಪದಿದ್ದರೆ, ಅವರಿಗೆ ತಮ್ಮ ಮಾತಿನ ಮೇಲೆ ಎಷ್ಟು ನಂಬಿಕೆಯಿದೆ ಎಂದು ನೀವೇ ಯೋಚಿಸಿ.

ಮುಂಗಡ ಕೊಡುವ ಮೊದಲು ಹತ್ತು ದಿನ ರಜೆ ಹಾಕಿ ಅವರ ಕಚೇರಿಯಲ್ಲಿ ಕುಳಿತುಕೊಳ್ಳಿ. ಒಂದು ನೋಟ್‌ಬುಕ್ಕಿನಲ್ಲಿ ಬಂದ ಪ್ರತಿ ಕರೆಯನ್ನು ಬರೆಯಿರಿ: ಯಾವ ಸಂಘ, ಯಾವ ತೊಂದರೆ, ಫೋನ್ ಎತ್ತಿದವರು ಯಾರು, ಪರಿಹರಿಸಿದವರು ಯಾರು. ಹತ್ತು ಕರೆಗಳಲ್ಲಿ ಏಳನ್ನು ಹುಡುಗರೇ ಮುಗಿಸುತ್ತಿದ್ದರೆ ಅದು ವ್ಯವಹಾರ. ಏಳು ಕರೆಗಳು ಹಿರಿಯರ ಕೈಗೇ ಹೋಗುತ್ತಿದ್ದರೆ 15 ಲಕ್ಷವೂ ಜಾಸ್ತಿಯೇ. ಕೊಳ್ಳುವುದೆಂದು ಆದರೆ, ಕರಾರಿನ ಆಸ್ತಿ ಪಟ್ಟಿಯಲ್ಲಿ ಕಂಪ್ಯೂಟರ್, ಪ್ರಿಂಟರ್, ಮೇಜು-ಕುರ್ಚಿಗಳಿಗಿಂತ ಮೇಲೆ ಅವರ ಮೊಬೈಲ್ ಸಂಖ್ಯೆಯನ್ನು ಬರೆಸಿ, ಸಿಮ್ಮನ್ನು ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಿ. ಹದಿನೇಳು ವರ್ಷಗಳಿಂದ ಎಲ್ಲ ಕಾರ್ಯದರ್ಶಿಗಳ ಫೋನಿನಲ್ಲಿ ‘ಸಾಫ್ಟ್‌ವೇರ್’ ಎಂದು ಉಳಿಸಿಕೊಂಡಿರುವ ಸಂಖ್ಯೆ ಅದೊಂದೇ.